ಮಿದುಳಿಗೆ ನಂಬರ್ ಕೊಟ್ಟವರಿಗೆ ಬರ್ಲಿನ್ ವಿವಿ ಬಾಗಿಲು ತೆರೆಯಲಿಲ್ಲ

ರೀಲ್ಸ್ ನೋಡಿದ್ರೆ ಡೋಪಮೈನ್, ಲೈಕ್ ಬಂದ್ರೆ ಡೋಪಮೈನ್. ಈಗ ಎಲ್ಲರ ಬಾಯಲ್ಲೂ ಇದೇ ಮಾತು. ಆದರೆ ಡೋಪಮೈನ್ ಒಂದರಿಂದಲೇ ಏನೂ ಆಗೋದಿಲ್ಲ. ಅದನ್ನು ಹಿಡಿದುಕೊಳ್ಳುವ ರಿಸೆಪ್ಟರ್ ಎಂಬ ಪ್ರೋಟೀನು ನರಕೋಶದ ಮೇಲಿರಬೇಕು. ಯಾವ ರಿಸೆಪ್ಟರ್ ಮಿದುಳಿನ ಯಾವ ಜಾಗದಲ್ಲಿ ಎಷ್ಟಿದೆ ಅನ್ನೋದೇ ಮುಖ್ಯ. ಆ ಜಾಗಗಳಿಗೆ ಇವತ್ತಿಗೂ ಬಳಕೆಯಲ್ಲಿರುವ ವಿಳಾಸ ಕೊಟ್ಟವರು ಕಾರ್ಬಿನಿಯನ್ ಬ್ರಾಡ್‌ಮನ್. ಅವರದೇ ವಿಳಾಸ ಮಾತ್ರ ಕೊನೆಯವರೆಗೂ ಬದಲಾಗುತ್ತಲೇ ಇತ್ತು.

1868ರಲ್ಲಿ ದಕ್ಷಿಣ ಜರ್ಮನಿಯ ಲಿಗ್ಗರ್ಸ್‌ಡಾರ್ಫ್ ಎಂಬ ಹಳ್ಳಿಯಲ್ಲಿ ಹುಟ್ಟಿದ ಬ್ರಾಡ್‌ಮನ್ ಓದಿದ್ದು ವೈದ್ಯಕೀಯ. 1896ರಲ್ಲಿ ಡಿಫ್ತೀರಿಯಾ ಬಂದು, ಚೇತರಿಸಿಕೊಳ್ಳಲು ಹೋದ ಕಡೆ ಸಿಕ್ಕವರು ಆಸ್ಕರ್ ವೋಗ್ಟ್ ಎಂಬ ನರವಿಜ್ಞಾನಿ. ಆ ಭೇಟಿ ಅವರನ್ನು ಮಿದುಳಿನ ಕಡೆ ತಿರುಗಿಸಿತು. ಫ್ರಾಂಕ್‌ಫರ್ಟ್‌ನ ಆಸ್ಪತ್ರೆಯಲ್ಲಿ ಅಲೋಯಿಸ್ ಆಲ್ಝೈಮರ್ ಜೊತೆ ಕೆಲಸ ಮಾಡಿ, 1901ರಲ್ಲಿ ಬರ್ಲಿನ್‌ನ ವೋಗ್ಟ್ ಪ್ರಯೋಗಾಲಯ ಸೇರಿದರು.

ಅಲ್ಲಿ ಒಂಬತ್ತು ವರ್ಷ ಮಾಡಿದ್ದು ತಾಳ್ಮೆಯ ಕೆಲಸ. ಮಿದುಳನ್ನು ತೆಳುವಾಗಿ ಕತ್ತರಿಸೋದು, ಕೋಶಗಳಿಗೆ ಬಣ್ಣ ಹಾಕೋದು, ಮೈಕ್ರೋಸ್ಕೋಪಿನಲ್ಲಿ ಪದರ ಪದರವಾಗಿ ನೋಡೋದು. ಕೋಶಗಳ ಜೋಡಣೆ ಬದಲಾದಲ್ಲಿ ಗಡಿ ಎಳೆದು ಒಂದು ನಂಬರ್ ಕೊಡೋದು. ಚಲನೆಯ ಭಾಗ 4, ದೃಷ್ಟಿಯ ಭಾಗ 17. ಮನುಷ್ಯನ ಜೊತೆಗೆ ಮಂಗ, ಲೆಮೂರ್, ಮೊಲ, ಮುಳ್ಳುಹಂದಿಗಳ ಮಿದುಳನ್ನೂ ನೋಡಿದರು. ನಂಬರ್ 52ರವರೆಗೆ ಹೋದರೂ ಮನುಷ್ಯನ ನಕ್ಷೆಯಲ್ಲಿ 13ರಿಂದ 16 ಕಾಣಿಸೋದಿಲ್ಲ. ಅವು ಮಂಗನ ನಕ್ಷೆಯಲ್ಲಿವೆ. ಮನುಷ್ಯನನ್ನು ಉಳಿದ ಪ್ರಾಣಿಗಳ ಸಾಲಿನಲ್ಲೇ ಇಟ್ಟು ಮಾಡಿದ ಲೆಕ್ಕ ಅದು. 1909ರಲ್ಲಿ ಇದೆಲ್ಲ ಪುಸ್ತಕವಾಗಿ ಬಂತು. ನೆನಪು, ಬುದ್ಧಿಯಂಥ ಶಕ್ತಿಗಳಿಗೆ ಒಂದೊಂದು ಕುರ್ಚಿ ಹಾಕಿಕೊಡುವ ವಾದವನ್ನು ಅದರಲ್ಲೇ ಅವರು ಒಪ್ಪಲಿಲ್ಲ.

ಜರ್ಮನಿಯ ವಿವಿಗಳಲ್ಲಿ ಪಾಠ ಮಾಡಲು ಪಿಎಚ್‌ಡಿ ಆದಮೇಲೆ ಇನ್ನೊಂದು ಪ್ರಬಂಧ ಒಪ್ಪಿಗೆಯಾಗಬೇಕಿತ್ತು. ಲೆಮೂರ್ ಗುಂಪಿನ ಪ್ರೈಮೇಟ್‌ಗಳ ಮಿದುಳಿನ ಬಗ್ಗೆ ಬ್ರಾಡ್‌ಮನ್ ಕೊಟ್ಟ ಪ್ರಬಂಧವನ್ನು ಬರ್ಲಿನ್‌ನ ವೈದ್ಯಕೀಯ ವಿಭಾಗ ತಿರಸ್ಕರಿಸಿತು. 1910ರಲ್ಲಿ ಟ್ಯೂಬಿಂಗನ್‌ಗೆ ಹೋದರು. 1916ರಲ್ಲಿ, ಯುದ್ಧದ ನಡುವೆ, ಹಾಲೆಯ ಆಸ್ಪತ್ರೆಗೆ. 1917ರಲ್ಲಿ ಮದುವೆ, ಮರುವರ್ಷ ಮಗಳು. ಅದೇ 1918ರಲ್ಲಿ ಮ್ಯೂನಿಕ್‌ನ ಹೊಸ ಮನೋವೈದ್ಯ ಸಂಶೋಧನಾ ಸಂಸ್ಥೆ ಕರೆದು ಒಂದು ವಿಭಾಗವನ್ನೇ ಕೊಟ್ಟಿತು. ಕೆಲವೇ ತಿಂಗಳು. ಆಗಸ್ಟ್ 22ರಂದು ಸೋಂಕು ರಕ್ತಕ್ಕೇರಿ ತೀರಿಕೊಂಡರು. ವಯಸ್ಸು 49.

ಅವರ ಕಾಲದಲ್ಲಿ ಡೋಪಮೈನ್ ಮಿದುಳಿನಲ್ಲಿದೆ ಅನ್ನೋದೇ ಗೊತ್ತಿರಲಿಲ್ಲ. ಆದರೂ ನಂಬರ್‌ಗಳು ಉಳಿದವು. ಇವತ್ತು ಮಿದುಳಿನ ತೆಳು ಹೋಳುಗಳಿಗೆ ವಿಕಿರಣ ಸೂಸುವ ಅಣುಗಳನ್ನು ಅಂಟಿಸಿ ರಿಸೆಪ್ಟರ್‌ಗಳನ್ನು ಎಣಿಸುತ್ತಾರೆ. ಅಸಿಟೈಲ್‌ಕೋಲಿನ್ ಹಿಡಿಯುವ ಎಂ2 ರಿಸೆಪ್ಟರ್ 17ರಲ್ಲಿ ದಟ್ಟವಾಗಿದ್ದು, ಪಕ್ಕದ 18ಕ್ಕೆ ಬರುತ್ತಲೇ ಇಳಿಯುತ್ತದೆ. ಬ್ರಾಡ್‌ಮನ್ ಎಳೆದ ಗೆರೆಯೇ ಅಲ್ಲಿ ಮತ್ತೆ ಕಾಣುತ್ತದೆ. ಎಲ್ಲ ಕಡೆ ಹೀಗಿಲ್ಲ: ಅವರು ಒಂದೇ ಅಂದುಕೊಂಡ ಎಷ್ಟೋ ಭಾಗಗಳನ್ನು ರಿಸೆಪ್ಟರ್‌ಗಳು ಮತ್ತೆ ಒಡೆದು ತೋರಿಸಿವೆ. 2023ರಲ್ಲಿ ಮಕಾಕ್ ಮಂಗದ ಮಿದುಳಿನ 109 ಭಾಗಗಳಲ್ಲಿ 14 ಬಗೆಯ ರಿಸೆಪ್ಟರ್‌ಗಳ ನಕ್ಷೆ ಬಂತು. ನೋಟ, ಸ್ಪರ್ಶ ಮೊದಲು ತಲುಪುವ ಭಾಗಗಳಿಗಿಂತ, ಯೋಚನೆ ನಡೆಯುವ ಭಾಗಗಳಲ್ಲಿ ಪ್ರತಿ ನರಕೋಶಕ್ಕೆ ಸಿಗುವ ರಿಸೆಪ್ಟರ್‌ಗಳು ಹೆಚ್ಚು ಅಂತ ಅದು ತೋರಿಸಿತು.

ಮುಂದಿನ ಮಿದುಳಿನ 46ನೇ ಭಾಗದಲ್ಲಿ ಡೋಪಮೈನ್‌ನ ಡಿ1 ರಿಸೆಪ್ಟರ್ ತಕ್ಕಮಟ್ಟಿಗೆ ಕೆಲಸ ಮಾಡಿದರೆ ಮಂಗ ಒಂದು ವಿಷಯವನ್ನು ಕೆಲ ಕ್ಷಣ ನೆನಪಿಟ್ಟುಕೊಳ್ಳುತ್ತದೆ. ಕಮ್ಮಿಯಾದರೂ ಕಷ್ಟ, ಜಾಸ್ತಿಯಾದರೂ ಕಷ್ಟ. ಡೋಪಮೈನ್ ಅಂದರೆ ಬರೀ ಖುಷಿ ಅನ್ನೋ ನಮ್ಮ ಮಾತಿಗೆ ಇಲ್ಲಿ ಜಾಗವಿಲ್ಲ.

ಕಾಂಟ್ರಾಕ್ಟ್ ಮೇಲೆ ಊರೂರು ಅಲೆಯುವ ಇವತ್ತಿನ ಸಂಶೋಧಕರಿಗೆ ಬ್ರಾಡ್‌ಮನ್ ಕತೆ ಹೊಸದಾಗಿ ಕೇಳಿಸಲಿಕ್ಕಿಲ್ಲ. ಅವರ ಪ್ರಬಂಧಕ್ಕೆ ಬೇಡ ಅಂದ ಪ್ರಾಧ್ಯಾಪಕರ ಹೆಸರು ಇವತ್ತು ಯಾರೂ ಹೇಳೋದಿಲ್ಲ. 46 ಅಂದರೆ ಯಾವ ಜಾಗ ಅಂತ ನರವಿಜ್ಞಾನ ಓದುವ ವಿದ್ಯಾರ್ಥಿಗಳಿಗೆಲ್ಲ ಗೊತ್ತು. ಆದರೆ ಆ ಗೌರವ ಬಂದದ್ದು ಸತ್ತ ಮೇಲೆ; ಸಂಬಳ, ಸ್ಥಾನ ಬೇಕಿದ್ದದ್ದು ಬದುಕಿದ್ದಾಗ.