ಡಾ. ರಫಿಯುದ್ದೀನ್ ಅಹ್ಮದ್ (1890–1965): ಭಾರತದಲ್ಲಿ ದಂತವೈದ್ಯ ಶಿಕ್ಷಣಕ್ಕೆ ಅಡಿಪಾಯ ಹಾಕಿದ ಮಹನೀಯರು

ಹಲ್ಲು ಕಟ್ಟಿಸಿಕೊಳ್ಳಲು ಅಥವಾ ಬಾಯಿಯ ತಪಾಸಣೆಗಾಗಿ ಸರ್ಕಾರಿ ಆಸ್ಪತ್ರೆಗೆ ಬರುವ ನಾಗರಿಕರನ್ನು ಇಂದು ತರಬೇತಿ ಪಡೆದು ನೋಂದಣಿಯಾದ ದಂತವೈದ್ಯರು ಪರೀಕ್ಷಿಸುತ್ತಾರೆ. ಸುಮಾರು ನೂರು ವರ್ಷಗಳ ಹಿಂದೆ ನಮ್ಮ ದೇಶದಲ್ಲಿ ಈ ವ್ಯವಸ್ಥೆ ಇರಲಿಲ್ಲ. ಇದಕ್ಕೆ ಅಡಿಪಾಯ ಹಾಕಿದವರಲ್ಲಿ ಡಾ. ರಫಿಯುದ್ದೀನ್ ಅಹ್ಮದ್‌ರವರು ಅಗ್ರಗಣ್ಯರು. ಸಾರ್ವಜನಿಕರ ಮಾಹಿತಿಗಾಗಿ ಅವರ ಜೀವನ ಮತ್ತು ಸೇವೆಯ ಸಂಕ್ಷಿಪ್ತ ಪರಿಚಯವನ್ನು ಇಲ್ಲಿ ನೀಡಲಾಗಿದೆ.

ಜನನ ಮತ್ತು ವಿದ್ಯಾಭ್ಯಾಸ

ಡಾ. ಅಹ್ಮದ್‌ರವರು 1890ರ ಡಿಸೆಂಬರ್ 24ರಂದು, ಇಂದಿನ ಬಾಂಗ್ಲಾದೇಶಕ್ಕೆ ಸೇರಿರುವ ಪೂರ್ವ ಬಂಗಾಳದ ಬರ್ಧನ್‌ಪಾರಾ ಗ್ರಾಮದಲ್ಲಿ ಜನಿಸಿದರು. ಆಲಿಗಢದಲ್ಲಿ ವ್ಯಾಸಂಗ ಮುಗಿಸಿ ಉನ್ನತ ಶಿಕ್ಷಣಕ್ಕಾಗಿ ಅಮೆರಿಕಕ್ಕೆ ತೆರಳಿದರು. 1915ರಲ್ಲಿ ಅಯೋವಾ ವಿಶ್ವವಿದ್ಯಾಲಯದಿಂದ ದಂತವೈದ್ಯ ಪದವಿ ಪಡೆದರು. ತದನಂತರ ಬಾಸ್ಟನ್ ನಗರದಲ್ಲಿ ಮಕ್ಕಳಿಗಾಗಿಯೇ ಸ್ಥಾಪಿತವಾಗಿದ್ದ ಫಾರ್ಸಿತ್ ದಂತ ಚಿಕಿತ್ಸಾಲಯದಲ್ಲಿ ಸೇವೆ ಸಲ್ಲಿಸಿ, ಮೊದಲನೆಯ ಮಹಾಯುದ್ಧ ಮುಗಿದ ಬಳಿಕ ಸ್ವದೇಶಕ್ಕೆ ಮರಳಿದರು.

ಅಂದಿನ ಪರಿಸ್ಥಿತಿ

ಆ ಕಾಲದಲ್ಲಿ ಹಲ್ಲು ಕೀಳುವುದು ಹಾಗೂ ಹಲ್ಲು ಕಟ್ಟುವುದು ವೈದ್ಯಶಾಸ್ತ್ರದ ಭಾಗವೆಂದು ಜನರು ಭಾವಿಸಿರಲಿಲ್ಲ. ಇವು ಸಂತೆ ಹಾಗೂ ಬೀದಿ ಬದಿಯ ಕಸುಬುಗಳಾಗಿದ್ದವು. ಕಸುಬುದಾರರ ಕೈಚಳಕ ಎಷ್ಟೇ ಇದ್ದರೂ ಬಾಯಿಯೊಳಗಿನ ರೋಗವನ್ನು ಗುರುತಿಸುವ ವಿದ್ಯೆ ಅವರಿಗೆ ದೊರೆತಿರಲಿಲ್ಲ. ವಸಡಿನ ಕೀವು, ದವಡೆಯ ಬಾವು, ವಾಸಿಯಾಗದ ಹುಣ್ಣು, ಇವೆಲ್ಲಕ್ಕೂ ಹಲ್ಲು ಕೀಳುವುದೊಂದೇ ಪರಿಹಾರವೆಂಬ ನಂಬಿಕೆ ವ್ಯಾಪಕವಾಗಿತ್ತು. ಅಂದು ದಂತವೈದ್ಯವನ್ನು ಕ್ರಮಬದ್ಧವಾಗಿ ಕಲಿಸುವ ಒಂದು ಕಾಲೇಜೂ ಭಾರತದಲ್ಲಿರಲಿಲ್ಲ.

ಕಲ್ಕತ್ತಾ ದಂತ ಕಾಲೇಜಿನ ಸ್ಥಾಪನೆ

1920ರಲ್ಲಿ ಡಾ. ಅಹ್ಮದ್‌ರವರು ಕಲ್ಕತ್ತಾದಲ್ಲಿ ದೇಶದ ಮೊದಲ ದಂತ ವೈದ್ಯಕೀಯ ಕಾಲೇಜನ್ನು ಆರಂಭಿಸಿದರು. ಕಾಲೇಜಿನ ವೆಚ್ಚವನ್ನು ಭರಿಸಲು ನಗರದಲ್ಲಿ ನ್ಯೂಯಾರ್ಕ್ ಸೋಡಾ ಫೌಂಟನ್ ಎಂಬ ಪಾನೀಯದ ಅಂಗಡಿಯನ್ನು ನಡೆಸಿದರು. ಅಂಗಡಿಯ ಆದಾಯವು ಕಾಲೇಜಿಗೆ ಆಸರೆಯಾಯಿತು. ಪ್ರಾರಂಭದ ವರ್ಷಗಳಲ್ಲಿ ವಿದ್ಯಾರ್ಥಿಗಳು ಬೆರಳೆಣಿಕೆಯಷ್ಟೇ ಇದ್ದರು. ಆದರೂ ಅವರು ಕಾಲೇಜನ್ನು ಮುಚ್ಚಲಿಲ್ಲ. 1925ರಲ್ಲಿ ಬಂಗಾಳ ದಂತವೈದ್ಯರ ಸಂಘವನ್ನು ಕಟ್ಟಿದರು. ಅದೇ ವರ್ಷ ದಂತವೈದ್ಯ ವಿಷಯದ ನಿಯತಕಾಲಿಕವೊಂದನ್ನು ಹೊರತಂದು ದೀರ್ಘಕಾಲ ಸಂಪಾದಿಸಿದರು. 1928ರಲ್ಲಿ ವಿದ್ಯಾರ್ಥಿಗಳಿಗಾಗಿ ಪಠ್ಯಪುಸ್ತಕವನ್ನು ಪ್ರಕಟಿಸಿದರು.

ಹಲ್ಲು ಕಟ್ಟುವ ವಿಧಾನ: ಮೊದಲು ರೋಗನಿರ್ಣಯ

ಡಾ. ಅಹ್ಮದ್‌ರವರು ವಿದ್ಯಾರ್ಥಿಯಾಗಿದ್ದಾಗ ಕೃತಕ ದಂತಪಂಕ್ತಿಯ ತಳವನ್ನು ವಲ್ಕನೈಟ್ ಎಂಬ ಗಟ್ಟಿ ರಬ್ಬರಿನಿಂದ ಮಾಡುತ್ತಿದ್ದರು. ಅನುಕೂಲಸ್ಥರು ಚಿನ್ನದ ತಳವನ್ನೂ ಮಾಡಿಸಿಕೊಳ್ಳುತ್ತಿದ್ದರು. 1930ರ ದಶಕದ ಕೊನೆಯಲ್ಲಿ ಅಕ್ರಿಲಿಕ್ ಬಳಕೆಗೆ ಬಂದು, ವಸಡಿನ ಬಣ್ಣವನ್ನೇ ಹೋಲುವ ಹಗುರವಾದ ದಂತಪಂಕ್ತಿ ಸಾಧ್ಯವಾಯಿತು.

ಸಾಮಗ್ರಿ ಬದಲಾದರೂ ಕೆಲಸದ ಕ್ರಮ ಬಹುಮಟ್ಟಿಗೆ ಉಳಿದುಕೊಂಡಿದೆ. ಪ್ರಥಮತಃ ವೈದ್ಯರು ವಸಡು, ನಾಲಿಗೆ, ಅಂಗುಳ ಮತ್ತು ಕೆನ್ನೆಯ ಒಳಭಾಗವನ್ನು ಪರೀಕ್ಷಿಸುತ್ತಾರೆ. ಕೊಳೆತ ಬೇರುಗಳನ್ನು ತೆಗೆದು, ಗಾಯ ಮಾಯುವವರೆಗೆ ಕಾಯುತ್ತಾರೆ. ಬಳಿಕ ದವಡೆಯ ಅಚ್ಚು ತೆಗೆದು ಪ್ಲಾಸ್ಟರ್ ಮಾದರಿಯನ್ನು ತಯಾರಿಸಲಾಗುತ್ತದೆ. ಮೇಣದ ಕಟ್ಟೆಗಳನ್ನಿಟ್ಟು ಮೇಲಿನ ಹಾಗೂ ಕೆಳಗಿನ ದವಡೆಗಳ ಅಂತರವನ್ನು ಗುರುತಿಸಲಾಗುತ್ತದೆ. ಮೇಣದಲ್ಲಿ ಹಲ್ಲುಗಳನ್ನು ಜೋಡಿಸಿ, ಬಾಯಿಯಲ್ಲಿಟ್ಟು ನೋಡಿ, ಮಾತು ಮತ್ತು ಮುಖಚರ್ಯೆ ಸರಿಯಿದ್ದಲ್ಲಿ ಮಾತ್ರ ಮೇಣದ ಸ್ಥಾನದಲ್ಲಿ ಅಕ್ರಿಲಿಕ್ ತುಂಬಿ ಬೇಯಿಸಲಾಗುತ್ತದೆ. ಆದ್ದರಿಂದ ಇಡೀ ದಂತಪಂಕ್ತಿಗೆ ಹಲವು ಭೇಟಿಗಳು ಅವಶ್ಯಕವಾಗುತ್ತವೆ.

ಪರೀಕ್ಷೆಯ ಹಂತವನ್ನು ಬಿಟ್ಟು ಕೊಳೆತ ಬೇರಿನ ಮೇಲೆಯೇ ಹಲ್ಲು ಅಂಟಿಸಿದಲ್ಲಿ, ಒಳಗಿನ ಕೀವು ದವಡೆಯನ್ನು ತಿನ್ನುತ್ತದೆ; ಪಕ್ಕದ ಒಳ್ಳೆಯ ಹಲ್ಲುಗಳೂ ಸಡಿಲಗೊಳ್ಳುತ್ತವೆ. ತಂಬಾಕು, ಗುಟ್ಕಾ ಹಾಗೂ ಅಡಿಕೆ ಬಳಸುವವರ ಬಾಯಿಯಲ್ಲಿನ ಬಿಳಿ ಅಥವಾ ಕೆಂಪು ಮಚ್ಚೆ, ಬಾಯಿ ತೆರೆಯಲಾಗದ ಬಿಗಿತ, ಇವು ಕ್ಯಾನ್ಸರಿನ ಮುನ್ಸೂಚನೆಗಳಾಗಿರಬಹುದು. ಹಲ್ಲು ಕಟ್ಟಿಸಲು ಬಂದ ವ್ಯಕ್ತಿಯಲ್ಲಿ ಇಂತಹ ಲಕ್ಷಣವನ್ನು ಸಕಾಲದಲ್ಲಿ ಪತ್ತೆಹಚ್ಚುವುದರಿಂದ ಪ್ರಾಣವೇ ಉಳಿಯಬಹುದು. ದಂತವೈದ್ಯವನ್ನು ಕಸುಬಿನ ಸ್ಥಾನದಿಂದ ವೈದ್ಯಶಾಸ್ತ್ರದ ಸ್ಥಾನಕ್ಕೆ ಏರಿಸಬೇಕೆಂಬ ಪ್ರಯತ್ನದ ಮಹತ್ವವು ಇಲ್ಲಿ ಸ್ಪಷ್ಟವಾಗುತ್ತದೆ.

ಕಾನೂನಿನ ರಕ್ಷಣೆ

ಕಾಲೇಜೊಂದರಿಂದಲೇ ಜನರಿಗೆ ರಕ್ಷಣೆ ದೊರೆಯುವುದಿಲ್ಲವೆಂಬುದನ್ನು ಡಾ. ಅಹ್ಮದ್‌ರವರು ಮನಗಂಡಿದ್ದರು. ಅವರ ಪರಿಶ್ರಮದ ಫಲವಾಗಿ 1939ರಲ್ಲಿ ಬಂಗಾಳ ದಂತವೈದ್ಯರ ಕಾಯ್ದೆ ರೂಪುಗೊಂಡಿತು. 1946ರಲ್ಲಿ ಬಂಗಾಳದ ಸಂಘವು ಭಾರತೀಯ ದಂತವೈದ್ಯರ ಸಂಘವಾಗಿ ಬೆಳೆಯಿತು. ಸ್ವಾತಂತ್ರ್ಯಾನಂತರ, 1948ರಲ್ಲಿ, ದಂತವೈದ್ಯರ ಅಧಿನಿಯಮವು ಜಾರಿಗೆ ಬಂದಿತು. ಕೃತಕ ಹಲ್ಲುಗಳನ್ನು ತಯಾರಿಸಿ ಅಳವಡಿಸುವ ಕೆಲಸವನ್ನೂ ಸದರಿ ಅಧಿನಿಯಮವು ದಂತವೈದ್ಯದ ವ್ಯಾಪ್ತಿಗೆ ಸೇರಿಸಿತು. ದಂತಪಂಕ್ತಿಯನ್ನು ತಯಾರಿಸುವ ಹಾಗೂ ದುರಸ್ತಿ ಮಾಡುವ ಡೆಂಟಲ್ ಮೆಕ್ಯಾನಿಕ್‌ಗಳಿಗೂ ಪ್ರತ್ಯೇಕ ನೋಂದಣಿ ಕಲ್ಪಿಸಲಾಯಿತು.

ಹಲವು ವರ್ಷಗಳಿಂದ ಇದೇ ವೃತ್ತಿಯಿಂದ ಜೀವನ ಸಾಗಿಸುತ್ತಿದ್ದ, ಆದರೆ ಪದವಿಯಿಲ್ಲದವರ ಬದುಕಿನ ಪ್ರಶ್ನೆಯೂ ಆಗ ಎದುರಾಗಿತ್ತು. ಅಂತಹವರಿಗಾಗಿ ನೋಂದಣಿ ಪುಸ್ತಕದಲ್ಲಿ ‘ಬಿ’ ಭಾಗವನ್ನು ಇರಿಸಲಾಯಿತು. ಪದವೀಧರರು ‘ಎ’ ಭಾಗದಲ್ಲಿ ಸೇರಿದರು. ಹೀಗೆ ಹಳಬರ ಅನ್ನಕ್ಕೆ ಧಕ್ಕೆ ಬಾರದಂತೆ ಹೊಸಬರಿಗೆ ಶಿಕ್ಷಣವನ್ನು ಕಡ್ಡಾಯಗೊಳಿಸಲಾಯಿತು. 1954ರಲ್ಲಿ ಡಾ. ಅಹ್ಮದ್‌ರವರು ಭಾರತೀಯ ದಂತ ಪರಿಷತ್ತಿನ ಅಧ್ಯಕ್ಷರಾದರು. 1948ರ ಅಧಿನಿಯಮದ ಸ್ಥಾನದಲ್ಲಿ ಹೊಸ ವ್ಯವಸ್ಥೆಯನ್ನು ತರಲು 2023ರಲ್ಲಿ ಸಂಸತ್ತು ರಾಷ್ಟ್ರೀಯ ದಂತ ಆಯೋಗ ಅಧಿನಿಯಮವನ್ನು ಅಂಗೀಕರಿಸಿತು.

ಕಾಲೇಜಿನ ದಾನ ಮತ್ತು ಕೊನೆಯ ದಿನಗಳು

ಸುಮಾರು ಮೂರು ದಶಕಗಳ ಕಾಲ ತಾವೇ ಕಟ್ಟಿ ಬೆಳೆಸಿದ ಕಾಲೇಜನ್ನು ಅವರು 1949ರಲ್ಲಿ ಪಶ್ಚಿಮ ಬಂಗಾಳ ಸರ್ಕಾರಕ್ಕೆ ದಾನವಾಗಿ ನೀಡಿದರು. 1950ರ ದಶಕದಲ್ಲಿ ಡಾ. ಬಿ.ಸಿ. ರಾಯ್‌ರವರ ಸಚಿವ ಸಂಪುಟದಲ್ಲಿ ಕೃಷಿ, ಸಹಕಾರ, ಪರಿಹಾರ ಮತ್ತು ಪುನರ್ವಸತಿ ಮುಂತಾದ ಖಾತೆಗಳನ್ನು ನಿರ್ವಹಿಸಿದರು. 1964ರಲ್ಲಿ ಭಾರತ ಸರ್ಕಾರವು ಅವರಿಗೆ ಪದ್ಮಭೂಷಣ ಪ್ರಶಸ್ತಿ ನೀಡಿ ಗೌರವಿಸಿತು. 1965ರ ಫೆಬ್ರವರಿ 9ರಂದು ಅವರು ನಿಧನರಾದರು. ಅವರು ಸ್ಥಾಪಿಸಿದ ಕಾಲೇಜು ಇಂದು ಡಾ. ಆರ್. ಅಹ್ಮದ್ ದಂತ ಕಾಲೇಜು ಎಂದೇ ಹೆಸರಾಗಿದೆ. ಅವರ ಜನ್ಮದಿನವನ್ನು ದಂತವೈದ್ಯರ ದಿನವನ್ನಾಗಿ ಆಚರಿಸಲಾಗುತ್ತಿದೆ.

ನಮ್ಮ ನಾಡು ಮತ್ತು ಹಟ್ಟಿ ಪ್ರದೇಶ

ಡಾ. ಅಹ್ಮದ್‌ರವರು ಕಾಲೇಜನ್ನು ಆರಂಭಿಸಿದಾಗ ಲಿಂಗಸುಗೂರು ತಾಲ್ಲೂಕಿನ ಹಟ್ಟಿಯು ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ರಾಯಚೂರು ಜಿಲ್ಲೆಯೊಂದಿಗೆ ಹಟ್ಟಿಯೂ ಕನ್ನಡ ನಾಡಿನಲ್ಲಿ ಒಂದಾಯಿತು. 1958ರಲ್ಲಿ ಬೆಂಗಳೂರಿನಲ್ಲಿ ಸರ್ಕಾರಿ ದಂತ ಮಹಾವಿದ್ಯಾಲಯ ಆರಂಭಗೊಂಡಿತು. ಈಗ ರಾಯಚೂರು ನಗರದಲ್ಲಿಯೂ ದಂತ ಮಹಾವಿದ್ಯಾಲಯಗಳಿವೆ.

ರಾಯಚೂರು ಜಿಲ್ಲೆಯ ಹಲವು ಗ್ರಾಮಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಅಂಶವು ಮಿತಿಗಿಂತ ಹೆಚ್ಚಿರುವುದು ದಾಖಲಾಗಿದೆ. ಹಲ್ಲು ರೂಪುಗೊಳ್ಳುವ ಬಾಲ್ಯದಲ್ಲಿ ಇಂತಹ ನೀರನ್ನು ಕುಡಿದವರ ಹಲ್ಲುಗಳಲ್ಲಿ ಬಿಳಿ ಅಥವಾ ಕಂದು ಕಲೆಗಳು ಮೂಡುತ್ತವೆ. ಇವು ಹುಳುಕಲ್ಲ, ಉಜ್ಜಿದರೆ ಹೋಗುವ ಕೊಳೆಯೂ ಅಲ್ಲ. ಕಲೆಯ ಕಾರಣಕ್ಕೆ ಗಟ್ಟಿ ಹಲ್ಲನ್ನು ಕೀಳಿಸುವುದು ಸಲ್ಲದು.

ಸಾರ್ವಜನಿಕರ ಗಮನಕ್ಕೆ

ಬಡತನ ರೇಖೆಗಿಂತ ಕೆಳಗಿರುವ ಹಿರಿಯ ನಾಗರಿಕರಿಗೆ ಉಚಿತವಾಗಿ ದಂತಪಂಕ್ತಿ ಒದಗಿಸುವ ಉದ್ದೇಶದಿಂದ ಕರ್ನಾಟಕ ಸರ್ಕಾರವು 2014-15ನೇ ಸಾಲಿನಲ್ಲಿ ದಂತ ಭಾಗ್ಯ ಯೋಜನೆಯನ್ನು ಪ್ರಾರಂಭಿಸಿತು. ಹಟ್ಟಿ, ಲಿಂಗಸುಗೂರು, ಸಿಂಧನೂರು ಹಾಗೂ ಮಸ್ಕಿ ಭಾಗದ ನಾಗರಿಕರು ಅರ್ಹತೆ ಮತ್ತು ಅವಶ್ಯಕ ದಾಖಲೆಗಳ ಬಗ್ಗೆ ಸಮೀಪದ ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ ಖಚಿತಪಡಿಸಿಕೊಳ್ಳತಕ್ಕದ್ದು. ಹಲ್ಲು ಕಟ್ಟಿಸುವ ಮುನ್ನ ಬಾಯಿಯ ಸಂಪೂರ್ಣ ತಪಾಸಣೆ ಮಾಡಿಸಿಕೊಳ್ಳುವುದು, ಚಿಕಿತ್ಸೆ ನೀಡುವವರ ನೋಂದಣಿಯನ್ನು ಕೇಳಿ ತಿಳಿಯುವುದು ಪ್ರತಿಯೊಬ್ಬ ನಾಗರಿಕರ ಹಕ್ಕಾಗಿರುತ್ತದೆ. ಎರಡು ವಾರಗಳಾದರೂ ಮಾಯದ ಹುಣ್ಣು ಬಾಯಿಯಲ್ಲಿದ್ದಲ್ಲಿ ತಡಮಾಡದೆ ದಂತವೈದ್ಯರನ್ನು ಕಾಣಲು ಕೋರಲಾಗಿದೆ.