ವಲಸೆ ಮನೆತನದ ಕುಡಿ: ಸಂತ ಕ್ಯಾಥರಿನ್ ಡ್ರೆಕ್ಸೆಲ್

ಊರು ಬಿಟ್ಟು ಹೋಗುವುದೆಂದರೆ ಏನೆಂಬುದನ್ನು ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಜನರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮಳೆ ಕೈಕೊಟ್ಟ ವರ್ಷಗಳಲ್ಲಿ ಮನೆಗೆ ಬೀಗ ಹಾಕಿ, ಮಕ್ಕಳುಮರಿಗಳೊಡನೆ ಮುಂಬಯಿ, ಪುಣೆ, ಹೈದರಾಬಾದು, ಬೆಂಗಳೂರುಗಳಿಗೆ ಗುಳೆ ಹೋಗುವವರನ್ನು ನಾವು ಕಂಡಿದ್ದೇವೆ. ಅವರಲ್ಲಿ ಕೆಲವರು ಅಲ್ಲಿಯೇ ನೆಲೆನಿಂತು ಅಷ್ಟಿಷ್ಟು ಅನುಕೂಲವನ್ನೂ ಕಂಡುಕೊಂಡಿದ್ದಾರೆ. ಹೀಗೆ ಪರಸ್ಥಳದಲ್ಲಿ ಬೆಳೆದ ಕುಟುಂಬವು ತನ್ನ ಏಳಿಗೆಗಾಗಿ ಯಾರಿಗೆ ಋಣಿಯಾಗಿದೆ? ಆ ಋಣವನ್ನು ತೀರಿಸುವ ಬಗೆ ಯಾವುದು? ಈ ಪ್ರಶ್ನೆಗೆ ತಮ್ಮ ಬಾಳಿನಿಂದಲೇ ಉತ್ತರವಿತ್ತ ಅಮೆರಿಕದ ಸಂತ ಕ್ಯಾಥರಿನ್ ಡ್ರೆಕ್ಸೆಲ್ ಅವರ ಮತ್ತು ಅವರ ಮನೆತನದ ಚರಿತ್ರೆಯನ್ನು, ನಮ್ಮ ದೇವಾಲಯದ ಶತಮಾನೋತ್ಸವದ ಈ ಶುಭಸಂದರ್ಭದಲ್ಲಿ, ಭಕ್ತಬಾಂಧವರ ಮುಂದಿಡಲು ಬಯಸುತ್ತೇವೆ.

ಮನೆ ಬಿಟ್ಟ ತರುಣ

ಈ ಮನೆತನದ ಮೂಲಪುರುಷರಾದ ಫ್ರಾನ್ಸಿಸ್ ಮಾರ್ಟಿನ್ ಡ್ರೆಕ್ಸೆಲ್ 1792ರಲ್ಲಿ ಆಸ್ಟ್ರಿಯಾ ದೇಶದ ಡಾರ್ನ್‌ಬರ್ನ್ ಎಂಬ ಊರಿನಲ್ಲಿ ಜನಿಸಿದರು. ಅದು ನೆಪೋಲಿಯನ್ನನ ಯುದ್ಧಗಳ ಕಾಲ. ಬಲವಂತದ ಸೈನ್ಯಭರ್ತಿಯಿಂದ ತಪ್ಪಿಸಿಕೊಳ್ಳಲೆಂದು ಅವರು ಹರೆಯದಲ್ಲಿಯೇ ಮನೆ ಬಿಟ್ಟು, ಗಡಿ ದಾಟಿ, ಚಿತ್ರಗಳನ್ನು ಬರೆದು ಹೊಟ್ಟೆ ಹೊರೆಯುತ್ತ ಸ್ವಿಟ್ಸರ್ಲೆಂಡ್ ಮತ್ತು ಇಟಲಿಗಳಲ್ಲಿ ಅಲೆದರು. 1817ರಲ್ಲಿ ಹಡಗನ್ನೇರಿ ಅಮೆರಿಕದ ಫಿಲಡೆಲ್ಫಿಯಾ ನಗರವನ್ನು ಸೇರಿದರು. ಭಾವಚಿತ್ರಗಳನ್ನು ಬರೆಯುವುದೇ ಅಲ್ಲಿಯೂ ಅವರ ಕಸುಬಾಯಿತು. 1821ರಲ್ಲಿ ಕ್ಯಾಥರಿನ್ ಹೂಕಿ ಎಂಬ ಕನ್ಯೆಯನ್ನು ವಿವಾಹವಾದರು. ಗಿರಾಕಿಗಳನ್ನು ಅರಸಿಕೊಂಡು ದಕ್ಷಿಣ ಅಮೆರಿಕದವರೆಗೂ ಹೋಗಿ, ಅಲ್ಲಿನ ವಿಮೋಚಕನೆಂದು ಹೆಸರಾದ ಸಿಮೋನ್ ಬೊಲಿವಾರನ ಚಿತ್ರವನ್ನೂ ಬರೆದರು.

ಆ ದಿನಗಳಲ್ಲಿ ಅಮೆರಿಕದ ಒಂದೊಂದು ಬ್ಯಾಂಕೂ ತನ್ನದೇ ನೋಟುಗಳನ್ನು ಅಚ್ಚುಹಾಕಿಸುತ್ತಿತ್ತು. ಒಂದು ಊರಿನ ನೋಟು ಮತ್ತೊಂದು ಊರಿನಲ್ಲಿ ಪೂರ್ಣ ಬೆಲೆಗೆ ನಡೆಯುತ್ತಿರಲಿಲ್ಲ. ಊರೂರು ಸುತ್ತಿದ್ದ ಈ ಚಿತ್ರಕಾರರು ಹಣ ಬದಲಿಸುವ ವ್ಯವಹಾರಕ್ಕೆ ಕೈಯಿಟ್ಟು, 1838ರ ಹೊತ್ತಿಗೆ ಫಿಲಡೆಲ್ಫಿಯಾದಲ್ಲಿ ತಮ್ಮದೇ ಬ್ಯಾಂಕನ್ನು ನಡೆಸುತ್ತಿದ್ದರು. 1863ರಲ್ಲಿ ರೈಲ್ವೆ ಅಪಘಾತದಲ್ಲಿ ಅವರು ತೀರಿಕೊಂಡಾಗ, ಮಕ್ಕಳು ಆಗಲೇ ಆ ವ್ಯವಹಾರವನ್ನು ಹೊತ್ತು ನಿಂತಿದ್ದರು. ಅವರಲ್ಲಿ ಆಂತೋನಿ ಡ್ರೆಕ್ಸೆಲ್ 1871ರಲ್ಲಿ ಪ್ರಖ್ಯಾತ ಜೆ.ಪಿ. ಮಾರ್ಗನ್ನರೊಡನೆ ಪಾಲುದಾರರಾದರು. 1891ರಲ್ಲಿ ಅವರು ಸ್ಥಾಪಿಸಿದ ವಿದ್ಯಾಸಂಸ್ಥೆಯು ಇಂದು ವಿಶ್ವವಿದ್ಯಾಲಯವಾಗಿ ಬೆಳೆದಿದೆ. ಹಿರಿಯ ಮಗನಾದ ಫ್ರಾನ್ಸಿಸ್ ಆಂತೋನಿ ಅವರೇ ನಮ್ಮ ಸಂತರ ತಂದೆ.

ದಾನದ ಬಾಗಿಲು

ಕ್ಯಾಥರಿನ್ 1858ರ ನವೆಂಬರ್ 26ರಂದು ಜನಿಸಿದರು. ಐದು ವಾರಗಳಲ್ಲಿಯೇ ತಾಯಿ ಹ್ಯಾನಾ ಮರಣ ಹೊಂದಿದರು. 1860ರಲ್ಲಿ ತಂದೆ ಎಮ್ಮಾ ಬೂವಿಯೆ ಎಂಬವರನ್ನು ಮದುವೆಯಾದರು. ಆಕೆಯೂ ವಲಸಿಗರ ಮಗಳೇ. ಆಕೆಯ ತಂದೆ ಫ್ರಾನ್ಸಿನಿಂದ ಬಂದು ಮರಗೆಲಸದಿಂದ ಮೇಲೆ ಬಂದವರು. ಅಧ್ಯಕ್ಷ ಕೆನಡಿಯವರ ಪತ್ನಿ ಜಾಕ್ವೆಲಿನ್ ಅವರೂ ಅದೇ ವಂಶಕ್ಕೆ ಸೇರಿದವರೆಂಬುದನ್ನು ವಾಚಕರು ಗಮನಿಸಬಹುದು.

ಮಲತಾಯಿ ಎಂಬ ಮಾತಿಗೆ ನಮ್ಮಲ್ಲಿರುವ ಕಹಿಯಾದ ಅರ್ಥಕ್ಕೆ ಎಮ್ಮಾ ಅಪವಾದವಾಗಿದ್ದರು. ವಾರದಲ್ಲಿ ನಿಯಮಿತ ದಿನಗಳಂದು ಅವರ ಮನೆಯ ಬಾಗಿಲು ಬಡವರಿಗೆ ತೆರೆದಿರುತ್ತಿತ್ತು. ಹಸಿದವರಿಗೆ ಆಹಾರ, ಇಲ್ಲದವರಿಗೆ ಬಟ್ಟೆ, ಮನೆಬಾಡಿಗೆ ಕಟ್ಟಲಾಗದವರಿಗೆ ಹಣ ದೊರೆಯುತ್ತಿತ್ತು. ಎಲಿಜಬೆತ್, ಕ್ಯಾಥರಿನ್ ಮತ್ತು ಲೂಯಿಸ್ ಎಂಬ ಮೂವರು ಹೆಣ್ಣುಮಕ್ಕಳೂ ತಾಯಿಯ ಜೊತೆಗೆ ನಿಂತು ಹಂಚುತ್ತಿದ್ದರು. ಮುಂದೆ ಎಮ್ಮಾ ಕ್ಯಾನ್ಸರಿನಿಂದ ಮೂರು ವರ್ಷ ನರಳಿ 1883ರಲ್ಲಿ ನಿಧನರಾದರು. ಐಶ್ವರ್ಯವು ನೋವನ್ನಾಗಲಿ ಮರಣವನ್ನಾಗಲಿ ತಡೆಯಲಾರದೆಂಬುದನ್ನು ಆಕೆಯ ಹಾಸಿಗೆಯ ಪಕ್ಕದಲ್ಲಿ ಕುಳಿತಿದ್ದ ಕ್ಯಾಥರಿನ್ ಕಂಡುಕೊಂಡರು. ಎರಡು ವರ್ಷಗಳಲ್ಲಿ ತಂದೆಯೂ ತೀರಿಕೊಂಡರು. ಅವರ ಆಸ್ತಿ ಸುಮಾರು 1 ಕೋಟಿ 55 ಲಕ್ಷ ಡಾಲರು. ಹತ್ತರಲ್ಲೊಂದು ಭಾಗ ಧರ್ಮಕಾರ್ಯಗಳಿಗೆ ಹೋಯಿತು. ಉಳಿದುದರ ಆದಾಯವನ್ನು ಮಾತ್ರ ಮೂವರು ಮಕ್ಕಳು ಅನುಭವಿಸುವಂತೆ ಮೃತ್ಯುಪತ್ರ ಬರೆದಿದ್ದರು.

ಜಗದ್ಗುರುಗಳ ಪ್ರಶ್ನೆ

ಡ್ರೆಕ್ಸೆಲ್ ಮನೆತನಕ್ಕೆ ಆಶ್ರಯವಿತ್ತ ಅದೇ ನಾಡು, ತನ್ನ ಮೂಲನಿವಾಸಿಗಳನ್ನು ಅವರದೇ ನೆಲದಿಂದ ಹೊರದೂಡಿತ್ತು. ಆಫ್ರಿಕದಿಂದ ಸೆರೆಹಿಡಿದು ತಂದವರನ್ನು ಗುಲಾಮರನ್ನಾಗಿ ದುಡಿಸಿತ್ತು. 1865ರಲ್ಲಿ ಗುಲಾಮಗಿರಿ ಕಾನೂನಿನಿಂದ ರದ್ದಾದರೂ, ಕಪ್ಪು ಜನರ ಮಕ್ಕಳಿಗೆ ಒಳ್ಳೆಯ ಶಾಲೆಯ ಬಾಗಿಲು ಮುಚ್ಚಿಯೇ ಇತ್ತು. ತಂದೆಯ ಮರಣಾನಂತರ ಧರ್ಮಾಧ್ಯಕ್ಷ ಮಾರ್ಟಿ ಮತ್ತು ಪೂಜ್ಯ ಸ್ಟೀಫನ್ ಅವರು ಮೂಲನಿವಾಸಿಗಳ ನಡುವಣ ಸೇವೆಗೆ ನೆರವು ಕೇಳಿಕೊಂಡು ಡ್ರೆಕ್ಸೆಲ್ ಸಹೋದರಿಯರ ಮನೆಗೆ ಬಂದರು. ಕ್ಯಾಥರಿನ್ ಧಾರಾಳವಾಗಿ ಕೊಡತೊಡಗಿದರು. ಪಶ್ಚಿಮ ಪ್ರಾಂತಗಳಿಗೆ ಸ್ವತಃ ಪ್ರಯಾಣಮಾಡಿ ಆ ಜನರ ಬಡತನವನ್ನು ಕಣ್ಣಾರೆ ಕಂಡರು.

1887ರ ಜನವರಿಯಲ್ಲಿ ಸಹೋದರಿಯರಿಗೆ ರೋಮಿನಲ್ಲಿ ಜಗದ್ಗುರು 13ನೆಯ ಲಿಯೋ ಅವರ ದರ್ಶನವಾಯಿತು. ಮೂಲನಿವಾಸಿಗಳ ಸೇವೆಗೆ ಧರ್ಮಪ್ರಚಾರಕರನ್ನು ಕಳುಹಿಸಬೇಕೆಂದು ಕ್ಯಾಥರಿನ್ ಬಿನ್ನವಿಸಿದಾಗ, ತಾವೇ ಏಕೆ ಧರ್ಮಪ್ರಚಾರಕಿಯಾಗಬಾರದೆಂದು ಜಗದ್ಗುರುಗಳು ಕೇಳಿದರು. ಹಣ ಕೊಡಲು ಸಿದ್ಧರಾಗಿ ಬಂದವರಿಗೆ ತಮ್ಮನ್ನೇ ಕೊಡುವ ಕರೆ ಬಂದಿತ್ತು. ಕ್ಯಾಥರಿನ್ ಕಣ್ಣೀರಿಡುತ್ತ ಹೊರಬಂದರೆಂದು ಹೇಳುತ್ತಾರೆ.

ಅವರ ಆತ್ಮಗುರುಗಳಾಗಿದ್ದ ಒಮಾಹದ ಧರ್ಮಾಧ್ಯಕ್ಷ ಓಕಾನರ್, ಸುಖದಲ್ಲಿ ಬೆಳೆದ ಈಕೆಗೆ ಸನ್ಯಾಸದ ಕಷ್ಟ ಹೊಂದಲಾರದೆಂದು ಬಹುಕಾಲ ತಡೆದರು. ಕೊನೆಗೆ ಅವರೇ, ಹೊಸದೊಂದು ಸಭೆಯನ್ನು ಸ್ಥಾಪಿಸುವಂತೆ ಒತ್ತಾಯಿಸಿದರು. 1889ರಲ್ಲಿ ಕ್ಯಾಥರಿನ್ ಪಿಟ್ಸ್‌ಬರ್ಗಿನ ಕನ್ಯಾಮಠವನ್ನು ಪ್ರವೇಶಿಸಿದರು. 1891ರ ಫೆಬ್ರವರಿ 12ರಂದು ವ್ರತ ಸ್ವೀಕರಿಸಿ, ಪರಮಪ್ರಸಾದದ ಸಹೋದರಿಯರು ಎಂಬ ಸಭೆಯ ಮೊದಲ ಸದಸ್ಯೆಯಾದರು. ಬಲಿಪೀಠದ ಮುಂದೆ ಎಲ್ಲರಿಗೂ ಒಂದೇ ರೊಟ್ಟಿ ಎಂಬುದೇ ಆ ಹೆಸರಿನ ಅರ್ಥವಲ್ಲವೇ? ಸಭೆಯ ನಿಯಮಾವಳಿಗೆ ರೋಮಿನ ಅನುಮೋದನೆ ಪಡೆಯಲು ತಾವೇ ಅಲ್ಲಿಗೆ ಹೋಗಬೇಕೆಂಬ ಸಲಹೆಯನ್ನು ಅವರಿಗೆ ಕೊಟ್ಟವರು, ಇಟಲಿಯ ವಲಸಿಗರ ಸೇವೆಗೆ ಅಮೆರಿಕಕ್ಕೆ ಬಂದಿದ್ದ ಸಂತ ಫ್ರಾನ್ಸಿಸ್ ಕಬ್ರೀನಿ.

ಶಾಲೆಗಳ ತಾಯಿ

ಈ ಕೆಲಸವನ್ನು ಎಲ್ಲರೂ ಮೆಚ್ಚಲಿಲ್ಲ. ಮಾತೃಮಠದ ಅಸ್ತಿವಾರ ಹಾಕುವ ಜಾಗದ ಬಳಿ ಸಿಡಿಮದ್ದು ಪತ್ತೆಯಾಯಿತು. ನ್ಯಾಶ್‌ವಿಲ್ ನಗರದಲ್ಲಿ 1905ರಲ್ಲಿ ಶಾಲೆಗೆಂದು ಮನೆಯೊಂದನ್ನು ಬೇರೆಯವರ ಮೂಲಕ ಕೊಳ್ಳಬೇಕಾಯಿತು. ಕಪ್ಪು ಹುಡುಗಿಯರ ಶಾಲೆ ಅಲ್ಲಿ ನಡೆಯಲಿದೆಯೆಂದು ತಿಳಿದ ಮಾರಾಟಗಾರರು ಕ್ರಯವನ್ನು ರದ್ದುಪಡಿಸಲು ಹೆಣಗಿದರು. ಮಾತೆ ಕ್ಯಾಥರಿನ್ ಜಗಳವಾಡಲಿಲ್ಲ, ಹಿಂದೆ ಸರಿಯಲೂ ಇಲ್ಲ. ಶಾಲೆ ತೆರೆಯಿತು.

ಅರಿಜೋನಾದಲ್ಲಿ ನವಾಹೋ ಜನರಿಗಾಗಿ 1902ರಲ್ಲಿ ಶಾಲೆಯಾಯಿತು. ನ್ಯೂ ಆರ್ಲಿಯನ್ಸ್ ನಗರದಲ್ಲಿ 1915ರಲ್ಲಿ ಪ್ರೌಢಶಾಲೆಯಾಗಿ ಹುಟ್ಟಿದ ಸಂಸ್ಥೆಯು 1925ರಲ್ಲಿ ಕಾಲೇಜಾಯಿತು. ಅದೇ ಇಂದಿನ ಝೇವಿಯರ್ ವಿಶ್ವವಿದ್ಯಾಲಯ. ಅಮೆರಿಕದಲ್ಲಿ ಕಪ್ಪು ಜನರಿಗಾಗಿ ಸ್ಥಾಪಿತವಾದ ವಿಶ್ವವಿದ್ಯಾಲಯಗಳಲ್ಲಿ ಕಥೋಲಿಕ ಸಂಸ್ಥೆ ಇದೊಂದೇ. ಅಲ್ಲಿ ಕಲಿತು ಶಿಕ್ಷಕರಾದವರು ಹಳ್ಳಿಹಳ್ಳಿಗೆ ಹೋಗಿ ಸಣ್ಣ ಸಣ್ಣ ಶಾಲೆಗಳಲ್ಲಿ ಪಾಠ ಹೇಳಿದರು. ಒಂದು ದೀಪದಿಂದ ನೂರು ದೀಪ ಹಚ್ಚಿದಂತೆ ವಿದ್ಯೆ ಹರಡಿತು.

ಲಕ್ಷಗಟ್ಟಲೆ ಡಾಲರುಗಳನ್ನು ಕೊಟ್ಟ ಈ ತಾಯಿ, ಸವೆದು ಗೇಣುದ್ದವೂ ಇಲ್ಲದ ಪೆನ್ಸಿಲಿನಲ್ಲಿ ಬರೆಯುತ್ತಿದ್ದರು. 1935ರಲ್ಲಿ ಹೃದಯಾಘಾತವಾದ ಮೇಲೆ ಅವರ ಉಳಿದ ವರ್ಷಗಳು ಪ್ರಾರ್ಥನೆಯಲ್ಲಿ ಕಳೆದವು. 1954ರ ಮೇ ತಿಂಗಳಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಶಾಲೆಗಳಲ್ಲಿ ವರ್ಣಭೇದ ಸಲ್ಲದೆಂದು ತೀರ್ಪಿತ್ತಿತು. ಅದರ ಮರುವರ್ಷ, 1955ರ ಮಾರ್ಚ್ 3ರಂದು, 96ನೆಯ ವಯಸ್ಸಿನಲ್ಲಿ ಅವರು ದೈವಾಧೀನರಾದರು. ಅಷ್ಟರಲ್ಲಿ ತಮ್ಮ ಪಾಲಿನ ಸುಮಾರು 2 ಕೋಟಿ ಡಾಲರುಗಳನ್ನು ಅವರು ಕೊಟ್ಟು ಮುಗಿಸಿದ್ದರು. ಮೂವರು ಸಹೋದರಿಯರಿಗೂ ಮಕ್ಕಳಿಲ್ಲದೆ ಹೋದುದರಿಂದ, ಮೂಲಧನವು ತಂದೆ 1885ಕ್ಕೆ ಮುನ್ನ ಬರೆದಿಟ್ಟ ಧರ್ಮಸಂಸ್ಥೆಗಳಿಗೆ ಸೇರಿತು. ಆಗಿನ್ನೂ ಹುಟ್ಟಿರದ ಮಗಳ ಸಭೆಯ ಹೆಸರು ಆ ಪಟ್ಟಿಯಲ್ಲಿರಲಿಲ್ಲ. ಜಗದ್ಗುರು 2ನೆಯ ಜಾನ್ ಪಾಲ್ ಅವರು 2000ದ ಅಕ್ಟೋಬರ್ 1ರಂದು ಮಾತೆ ಕ್ಯಾಥರಿನ್ ಅವರನ್ನು ಸಂತರೆಂದು ಘೋಷಿಸಿದರು.

ಒಂದು ಮಾತನ್ನು ಇಲ್ಲಿ ಮರೆಮಾಚುವುದು ಉಚಿತವಲ್ಲ. ಮೂಲನಿವಾಸಿಗಳ ಮಕ್ಕಳನ್ನು ತಂದೆತಾಯಿಗಳಿಂದಲೂ ಅವರ ನುಡಿಯಿಂದಲೂ ಅಗಲಿಸಿದ ವಸತಿಶಾಲೆಗಳ ಪದ್ಧತಿಯು ಆ ಜನಾಂಗಗಳಿಗೆ ಬಹಳ ನೋವನ್ನು ತಂದಿತು. ಅದರಲ್ಲಿ ಧರ್ಮಸಭೆಯ ಪಾತ್ರಕ್ಕಾಗಿ ಅಮೆರಿಕದ ಧರ್ಮಾಧ್ಯಕ್ಷರು 2024ರಲ್ಲಿ ಕ್ಷಮೆ ಯಾಚಿಸಿದ್ದಾರೆ. ಸಂತರೂ ತಮ್ಮ ಕಾಲದಲ್ಲಿ ಬಾಳಿದವರೇ. ಅವರ ಪ್ರೀತಿಯನ್ನು ಅನುಸರಿಸುವ ನಾವು, ಮಗುವಿಗೆ ವಿದ್ಯೆ ಕೊಡುವಾಗ ಅದರ ಮನೆಯನ್ನೂ ಮಾತನ್ನೂ ಗೌರವಿಸಲು ಕಲಿಯಬೇಕು.

ನಮ್ಮ ಪಾಲಿನ ಕೆಲಸ

ಸೈನ್ಯಭರ್ತಿಗೆ ಹೆದರಿ ಓಡಿಬಂದ ಅಜ್ಜ ಗಳಿಸಿದರು, ತಂದೆ ಬೆಳೆಸಿದರು, ಮೊಮ್ಮಗಳು ಕೊಟ್ಟರು. ಆಕೆ ಕೊಟ್ಟದ್ದು ತಮ್ಮ ಬಂಧುಬಳಗಕ್ಕಲ್ಲ, ತಮ್ಮ ಮನೆತನ ಏಳಿಗೆ ಕಂಡ ನಾಡಿನಲ್ಲಿ ಹೊರಗೇ ಉಳಿದವರಿಗೆ.

ನಮ್ಮಲ್ಲಿ ಕೋಟ್ಯಧೀಶರಿಲ್ಲ. ಆದರೆ ತಂದೆತಾಯಿಗಳು ಗುಳೆ ಹೊರಟಾಗ ಅರ್ಧದಲ್ಲಿಯೇ ಶಾಲೆ ಬಿಡುವ ಮಕ್ಕಳು ನಮ್ಮ ಕಣ್ಣಮುಂದೆಯೇ ಇದ್ದಾರೆ. ಸಂವಿಧಾನದ 371(ಜೆ) ವಿಧಿಯಿಂದ ನಮ್ಮ ಭಾಗದ ಮಕ್ಕಳಿಗೆ ಕಾಲೇಜುಗಳಲ್ಲಿಯೂ ಉದ್ಯೋಗಗಳಲ್ಲಿಯೂ ಸ್ಥಾನಗಳು ಮೀಸಲಾಗಿವೆ. ಹತ್ತನೆಯ ತರಗತಿಯನ್ನೇ ಮುಟ್ಟದ ಮಗುವಿಗೆ ಆ ಮೀಸಲು ಎಲ್ಲಿಂದ ದಕ್ಕೀತು? ಹೊರಗೆ ಹೋಗಿ ನೆಲೆ ಕಂಡುಕೊಂಡವರು ಇಂತಹ ಒಂದು ಮಗುವಿನ ಓದಿನ ಭಾರವನ್ನು ಹೊತ್ತರೆ, ಊರಲ್ಲಿ ಉಳಿದವರು ಅದಕ್ಕೆ ಅನ್ನ ಮತ್ತು ಆಸರೆ ಕೊಟ್ಟರೆ, ನಮ್ಮ ದೇವಾಲಯದ ಎರಡನೆಯ ಶತಮಾನವು ಸಾರ್ಥಕವಾಗಿ ಆರಂಭವಾದೀತು. ಪ್ರತಿ ವರ್ಷ ಮಾರ್ಚ್ 3ರಂದು ಬರುವ ಸಂತ ಕ್ಯಾಥರಿನ್ ಅವರ ಸ್ಮರಣೆಯ ದಿನವು ಈ ಕರ್ತವ್ಯವನ್ನು ನಮಗೆ ನೆನಪಿಸಲಿ ಎಂದು ಪ್ರಭು ಯೇಸುಕ್ರಿಸ್ತರಲ್ಲಿ ಪ್ರಾರ್ಥಿಸುತ್ತೇವೆ.