ಕಿಟ್ಟೆಲ್ ಅವರ ಗ್ರೂಪ್ ಪ್ರಾಜೆಕ್ಟ್

ಶಿಕಾರಿಪುರ ತಾಲ್ಲೂಕಿನ ಈಸೂರು 1942ರಲ್ಲಿ ತಾನು ಸ್ವತಂತ್ರ ಅಂತ ಸಾರಿಕೊಂಡ ಊರು. ಏಸೂರು ಹೋದರೂ ಈಸೂರು ಬಿಡಲ್ಲ ಅನ್ನೋ ಅರ್ಥದ ಅವರ ಘೋಷಣೆ ನಮಗೆಲ್ಲ ಗೊತ್ತು. ಆದರೆ ಏಸು ಅಂದ್ರೇನು ಅಂತ ಕೇಳಿದರೆ ಹಾಸ್ಟೆಲ್‌ನಲ್ಲಿ ಅರ್ಧ ಜನ ತಲೆ ಕೆರ್ಕೋತೀವಿ. ಎಷ್ಟು ಅಂತ ಅರ್ಥ. ಈಸು ಅಂದರೆ ಇಷ್ಟು. ಆ ಘೋಷಣೆಗಿಂತ 48 ವರ್ಷ ಮೊದಲೇ ಈ ಪದಗಳನ್ನು ನಿಘಂಟಿಗೆ ಸೇರಿಸಿದವರು ಜರ್ಮನಿಯ ಫರ್ಡಿನಂಡ್ ಕಿಟ್ಟೆಲ್.

1832ರಲ್ಲಿ ಹುಟ್ಟಿದ ಕಿಟ್ಟೆಲ್, 1853ರಲ್ಲಿ ಬಾಸೆಲ್ ಮಿಷನ್‌ ಕಡೆಯಿಂದ ಇಲ್ಲಿಗೆ ಬಂದರು. ಧಾರವಾಡ, ಮಂಗಳೂರು, ಮಡಿಕೇರಿಗಳಲ್ಲಿ ಇದ್ದರು. ಬಂದದ್ದು ಧರ್ಮಪ್ರಚಾರಕ್ಕೆ, ಅಂಟಿಕೊಂಡದ್ದು ಕನ್ನಡಕ್ಕೆ. ಕೇಶಿರಾಜನ ವ್ಯಾಕರಣ ಸಂಪಾದಿಸಿದರು, 1875ರಲ್ಲಿ ನಾಗವರ್ಮನ ಛಂದಸ್ಸಿನ ಪುಸ್ತಕ ತಂದರು. ಮಿಷನ್‌ನಲ್ಲಿ ಕೆಲವರಿಗೆ ಈ ಹುಚ್ಚು ಹಿಡಿಸಲಿಲ್ಲ.

ನಿಘಂಟಿನ ಕೆಲಸ ಎರಡು ಖಂಡಗಳಲ್ಲಿ ನಡೀತು. 1877ರಲ್ಲಿ ಜರ್ಮನಿಗೆ ಹೋಗಿ ಅಲ್ಲೂ ಮುಂದುವರಿಸಿದರು, 1883ರಲ್ಲಿ ವಾಪಸ್ ಬಂದರು, 1892ರಲ್ಲಿ ಮತ್ತೆ ಹೊರಟರು. ಮುನ್ನುಡಿ ಬರೆದದ್ದು ಟ್ಯೂಬಿಂಗೆನ್‌ನಲ್ಲಿ, ಮೊಳೆ ಜೋಡಿಸಿದ್ದು ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್‌ನಲ್ಲಿ, ನಡುವೆ ಸಮುದ್ರ. ಟೆಲಿಗ್ರಾಫ್ ಆಗಲೇ ಇತ್ತು. ಆದರೆ ಪದಕ್ಕಿಷ್ಟು ಅಂತ ದುಡ್ಡು, ನಿಘಂಟು ಮಾಡೋರಿಗೆ ಅದು ಆಗೋ ಮಾತಾ! ಹಡಗಿನ ಅಂಚೆಯಲ್ಲಿ ಒಂದು ಸಂದೇಹ ಕೇಳಿ ಉತ್ತರ ಪಡೆಯೋಕೆ ವಾರಗಟ್ಟಲೆ ಬೇಕು.

ನಿಧಾನದಿಂದಲೇ ಒಳ್ಳೇದಾಯ್ತು ಅಂತ ನಾವು ಹೇಳ್ತಿಲ್ಲ. ಪುಟ ತಿರುವಿದರೆ ಕಾಣೋದು ಬೇರೆ: ಪದದ ಜೊತೆಗೇ ಅದು ಎಲ್ಲಿ ಸಿಕ್ಕಿತು, ಯಾವ ಗ್ರಂಥದಲ್ಲಿದೆ, ಯಾವ ಗಾದೆಯಲ್ಲಿ ಬರುತ್ತೆ ಅನ್ನೋ ಲೆಕ್ಕ ಇದೆ. ದೂರದಲ್ಲಿ ಕೂತವರೂ ಅದನ್ನು ಹಿಡಿದು ಮುಂದಿನ ಕೆಲಸ ಮಾಡಬಹುದು. ನಮ್ಮ ಮಿನಿ ಪ್ರಾಜೆಕ್ಟ್ ವಾಟ್ಸಾಪ್ ಗ್ರೂಪಿನಲ್ಲಿ ದಿನಾ ರಾಶಿ ಮೆಸೇಜ್, ಸರ್ಕ್ಯೂಟ್ ಯಾಕೆ ಬದಲಾಯ್ತು ಅನ್ನೋದು ಮಾತ್ರ ಒಂದರಲ್ಲೂ ಇರಲ್ಲ. ಇನ್ನೊಂದು ವಿಷಯ, ಗಾದೆಗಳು ಅಂಚೆಯಲ್ಲಿ ಹುಟ್ಟಲ್ಲ. ಮೊದಲ ಹಲವು ವರ್ಷ ಕಿಟ್ಟೆಲ್ ಇಲ್ಲಿನ ಜನರ ಮಧ್ಯೆ, ಪಂಡಿತರ ಎದುರು ಕೂತು ಕಲಿತಿದ್ದರು. ದೂರದ ಕೆಲಸ ನಡೆದದ್ದು ಆ ಬಂಡವಾಳದ ಮೇಲೆ.

1894ರಲ್ಲಿ ನಿಘಂಟು ಹೊರಬಂತು: ಸುಮಾರು 70,000 ಪದ, 1,700ಕ್ಕೂ ಹೆಚ್ಚು ಪುಟ. ಎರಡು ವರ್ಷದ ಮೇಲೆ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. 1903ರ ಡಿಸೆಂಬರ್‌ನಲ್ಲಿ ಅದೇ ಊರಲ್ಲಿ ತೀರಿಕೊಂಡರು. ಇಂದಿಗೂ ನಾವು ಅದನ್ನು ಕಿಟ್ಟೆಲ್ ನಿಘಂಟು ಅಂತಲೇ ಕರೀತೀವಿ. ಜೊತೆಗೆ ಕೂತು ಪದ ಬಿಡಿಸಿ ಹೇಳಿದ ಪಂಡಿತರ ಹೆಸರನ್ನು ಕ್ಲಾಸಿನಲ್ಲಿ ಯಾರೂ ಕೇಳಲ್ಲ.